ದೊಡ್ಡವರಿಗೆ ಹುಷಾರಿಲ್ಲ

ನಾನು ಡಾಕ್ಟರೆಂದು ಯಾರಿಗೂ ಹೇಳಿದವನಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ಡಾಕ್ಟರಲ್ಲ ಎಂದೂ ಹೇಳಲಿಲ್ಲ, ಅಷ್ಟೇ. ಈ ಎರಡರ ನಡುವೆ ಒಂದಿಷ್ಟು ಜಾಗವಿದೆ; ಆ ಜಾಗದಲ್ಲಿ ನಾನು ಒಂಬತ್ತು ವರ್ಷ ಆರಾಮವಾಗಿ ಇದ್ದೆ.

ನನ್ನ ಕೆಲಸ ಕಣ್ಣಾಸ್ಪತ್ರೆಯ ದಾಖಲೆ ಕೋಣೆಯಲ್ಲಿ. ರೋಗಿಗಳ ಕಡತಗಳನ್ನು ನಂಬರಿನ ಪ್ರಕಾರ ಕಪಾಟಿನಲ್ಲಿ ಜೋಡಿಸುವುದು, ಕೇಳಿದಾಗ ಹುಡುಕಿ ಕೊಡುವುದು, ಡಾಕ್ಟರುಗಳು ಅವಸರದಲ್ಲಿ ಖಾಲಿ ಬಿಟ್ಟ ಜಾಗಕ್ಕೆಲ್ಲ ಕೆಂಪು ಶಾಯಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿ ವಾಪಸು ಕಳಿಸುವುದು. ಆ ಕೋಣೆಯಲ್ಲಿ ಧೂಳು ಜಾಸ್ತಿ. ಬಟ್ಟೆ ಹಾಳಾಗದಿರಲಿ ಎಂದು ನಮಗೂ ಒಂದೊಂದು ಬಿಳಿ ಕೋಟು ಕೊಟ್ಟಿದ್ದರು. ಈ ಕಟ್ಟಡಕ್ಕೆ ಬಾಡಿಗೆಗೆ ಬಂದ ಮೊದಲ ವಾರ ಒಂದು ಸಂಜೆ ಕೋಟು ಬಿಚ್ಚಲು ಮರೆತು ಹಾಗೇ ಮನೆಗೆ ಬಂದೆ. ಮೆಟ್ಟಿಲ ಮೇಲೆ ಕೂತಿದ್ದ ದರ್ಜಿ ನನ್ನನ್ನು ನೋಡಿ ಎದ್ದು ನಿಂತ. ಮರುದಿನದಿಂದ ಇಡೀ ಕಟ್ಟಡಕ್ಕೆ ನಾನು ಡಾಕ್ಟ್ರು.

ಹೆಂಡತಿ ಆಗಲೇ ಎಚ್ಚರಿಸಿದಳು, ಇದು ಒಂದು ದಿನ ಕುತ್ತಿಗೆಗೆ ಬರುತ್ತದೆ, ನಾಳೆಯೇ ಹೋಗಿ ನಿಜ ಹೇಳಿ ಬನ್ನಿ ಎಂದು. ಆಗಲಿ ಎಂದುಕೊಂಡೆ. ಆದರೆ ಆ ನಾಳೆ ಭಾನುವಾರವಾಗಿತ್ತು, ನಿವಾಸಿಗಳ ಸಂಘದ ಸಭೆಯಿತ್ತು, ನನಗೆಂದು ಮುಂದಿನ ಸಾಲಿನಲ್ಲಿ ಕೈಯಿರುವ ಕುರ್ಚಿ ಹಾಕಿದ್ದರು. ಕೈಯಿರುವ ಕುರ್ಚಿಯಲ್ಲಿ ಕೂತು ನಿಜ ಹೇಳುವುದು ಎಷ್ಟು ಕಷ್ಟ ಎನ್ನುವುದು ಕೂತವರಿಗೇ ಗೊತ್ತು.

ವೈದ್ಯವೃತ್ತಿಯೂ ಜನ ಹೇಳುವಷ್ಟು ಕಠಿಣವಾಗಿರಲಿಲ್ಲ. ಯಾರು ಬಂದು ಯಾವ ನೋವು ಹೇಳಿಕೊಂಡರೂ ನಾನು ಕನ್ನಡಕ ಏರಿಸಿ, ಉದ್ದಕ್ಕೆ ಒಮ್ಮೆ ‘ಹೂಂ’ ಎಂದು, ‘ನೀರು ಚೆನ್ನಾಗಿ ಕುಡೀರಿ, ಎರಡು ದಿನ ನೋಡೋಣ’ ಎನ್ನುತ್ತಿದ್ದೆ. ಎರಡು ದಿನದಲ್ಲಿ ಮುಕ್ಕಾಲು ಪಾಲು ಜನ ಗುಣವಾಗುತ್ತಿದ್ದರು. ಮಿಕ್ಕವರಿಗೆ ‘ಒಂದ್ಸಲ ದೊಡ್ಡ ಡಾಕ್ಟರಿಗೆ ತೋರಿಸಿಬಿಡಿ’ ಎನ್ನುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಬ್ಬರಿಗೂ ನನ್ನಿಂದ ತೊಂದರೆಯಾಗಿಲ್ಲ. ಈ ಔಷಧಿಗೆ ಜಗ್ಗದ ರೋಗಿ ನನಗೆ ಸಿಕ್ಕಿದ್ದು ಒಂದು ಮಂಗಳವಾರದ ಸಂಜೆ.

ಅವತ್ತು ಎರಡನೇ ಮಹಡಿಯ ಟೀಚರಮ್ಮ ಬಂದು ಬಾಗಿಲು ತಟ್ಟಿದರು. ಟೀಚರಮ್ಮ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದವರು. ಅವರ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಹಿಂದಿನ ವರ್ಷ ತೀರಿಕೊಂಡಿದ್ದರು. ಟೀಚರಮ್ಮನ ಒಂದು ವಿಶೇಷವೆಂದರೆ, ಅವರ ಬಾಯಲ್ಲಿ ಯಾರಿಗೂ ಏಕವಚನ ಬರುವುದಿಲ್ಲ. ಒಂದನೇ ತರಗತಿಯ ಮಕ್ಕಳಿಗೂ ‘ಬನ್ನಿ, ಕೂತ್ಕೊಳ್ಳಿ, ಮೂಗು ಒರೆಸ್ಕೊಳ್ಳಿ’ ಎಂದೇ ಹೇಳುತ್ತಿದ್ದರಂತೆ. ನಮ್ಮ ಕಾಂಪೌಂಡಿನ ಬೆಕ್ಕು ಅವರ ಹಾಲಿಗೆ ಬಾಯಿ ಹಾಕಿದಾಗಲೂ, ‘ನೀವು ಮಾಡಿದ್ದು ಸರೀನಾ?’ ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೆಕ್ಕು ತಲೆ ತಗ್ಗಿಸಿತ್ತು.

“ಡಾಕ್ಟ್ರೆ, ದೊಡ್ಡವರಿಗೆ ಹುಷಾರಿಲ್ಲ. ಸ್ವಲ್ಪ ಬಂದು ನೋಡ್ತೀರಾ?” ಎಂದರು.

ಯಾರೋ ಹಿರಿಯರು ಬಂದಿರಬೇಕು, ಅಣ್ಣನೋ, ಅತ್ತಿಗೆಯೋ, ಎಂದುಕೊಂಡು ಅಡುಗೆಮನೆಯ ಟಾರ್ಚನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಅವರ ಮನೆ ಹೊಕ್ಕು, ಹಿರಿಯರಿರುವ ಕೋಣೆಗೆ ಹೋಗುವ ಗಾಂಭೀರ್ಯದಲ್ಲಿ ಮೆಲ್ಲಗೆ ಕೆಮ್ಮಿದೆ. ಮಂಚ ಖಾಲಿಯಿತ್ತು. ಟೀಚರಮ್ಮ ಕಿಟಕಿಯ ಪಕ್ಕದ ಮೇಜಿನ ಕಡೆ ಕೈ ತೋರಿಸಿದರು. ಅಲ್ಲೊಂದು ಗಾಜಿನ ತೊಟ್ಟಿ. ಒಳಗೆ ಎರಡು ಬಂಗಾರದ ಮೀನು, ಒಂದು ದೊಡ್ಡದು, ಒಂದು ಚಿಕ್ಕದು.

“ಇವರೇ,” ಎಂದರು.

ಗಡಿಯಾರದವರು ತಂದು ಸಾಕಿದ ಮೀನುಗಳಂತೆ. ಆ ಮನೆಯಲ್ಲಿ ಏಕವಚನಕ್ಕೆ ಜಾಗವಿಲ್ಲದ್ದರಿಂದ ಒಬ್ಬರು ದೊಡ್ಡವರು, ಇನ್ನೊಬ್ಬರು ಚಿಕ್ಕವರು. ದೊಡ್ಡವರ ಎರಡೂ ಕೆನ್ನೆಯ ಮೇಲೆ ಉಪ್ಪಿನ ಹರಳಿನ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಎದ್ದಿದ್ದವು. ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಸುಮ್ಮಸುಮ್ಮನೆ ಚಿಕ್ಕವರನ್ನು ತೊಟ್ಟಿಯ ತುಂಬ ಅಟ್ಟಿಸಿಕೊಂಡು ಹೋಗುತ್ತಾರೆ, ಹಿಂದೆಂದೂ ಹೀಗೆ ಮಾಡಿದವರಲ್ಲ ಎಂದು ಟೀಚರಮ್ಮ ವಿವರಿಸಿದರು. ನಾನು ಟಾರ್ಚು ಬಿಟ್ಟು ನೋಡಿದೆ. ಕನ್ನಡಕ ಏರಿಸಿದೆ. ಉದ್ದಕ್ಕೆ ‘ಹೂಂ’ ಎಂದೆ. ಆಮೇಲೆ ಒಂಬತ್ತು ವರ್ಷದ ಅಭ್ಯಾಸ ನೋಡಿ, ನಾಲಿಗೆ ತಾನಾಗಿಯೇ ಹೊರಳಿ, “ನೀರು ಚೆನ್ನಾಗಿ ಕುಡೀಲಿ” ಎಂದುಬಿಟ್ಟಿತು.

ಟೀಚರಮ್ಮ ನನ್ನ ಮುಖವನ್ನೇ ನೋಡಿದರು. ಅಲ್ಲಿಗೇ ನಿಲ್ಲಿಸಿ, ಅಮ್ಮಾ, ನಾನು ಕಡತ ಜೋಡಿಸುವವನು ಎಂದು ಹೇಳಿ ಎದ್ದು ಬರಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ತೊಟ್ಟಿಯ ಗಾಜನ್ನು ಬೆರಳಿಂದ ಒರೆಸುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಮಾತಾಡಿದರು.

“ನಮ್ಮನೆಯವರಿಗೂ ಹೀಗೇ ಆಗಿತ್ತು. ಎರಡು ತಿಂಗಳು ಊಟ ಸೇರ್ತಿರ್ಲಿಲ್ಲ. ನನ್ನ ಅಡುಗೇನೇ ಸಪ್ಪೆ ಆಗಿದ್ಯೇನೋ ಅಂದ್ಕೊಂಡು ಉಪ್ಪು ಖಾರ ಜಾಸ್ತಿ ಮಾಡ್ತಾ ಕೂತೆ. ಡಾಕ್ಟರ ಹತ್ರ ಹೋಗೋ ಹೊತ್ತಿಗೆ ತಡ ಆಗೋಗಿತ್ತು. ಜೊತೇಲೇ ಇದ್ದೋಳು ನಾನು, ನನಗೆ ಗೊತ್ತಾಗ್ಲಿಲ್ಲ. ಈ ಸಲ ಕಂಡ ಕೂಡ್ಲೇ ಬಂದಿದೀನಿ ಡಾಕ್ಟ್ರೆ.”

ನೀವೇ ಹೇಳಿ, ಇದಾದ ಮೇಲೆ ಯಾವ ಗಂಡಸು ‘ನಾನು ಡಾಕ್ಟರಲ್ಲ’ ಎನ್ನುತ್ತಾನೆ? ಎನ್ನುವವರು ಇರಬಹುದು. ನಾನು ಅಂಥ ಧೈರ್ಯಸ್ಥನಲ್ಲ. ನಾಳೆಯಿಂದ ಚಿಕಿತ್ಸೆ ಶುರು ಮಾಡೋಣ ಎಂದು ಹೇಳಿ ಕೆಳಗಿಳಿದೆ.

ಮನೆಗೆ ಬಂದು ಫೋನಿನಲ್ಲಿ ಮೀನಿನ ರೋಗಗಳ ಬಗ್ಗೆ ಓದಿದೆ. ಒಂದೊಂದೂ ಓದಿದಾಗ ದೊಡ್ಡವರಿಗೆ ಅದೇ ಇರುವ ಹಾಗೆ ಕಂಡಿತು. ಮೂರನೆಯದನ್ನು ಓದುವಾಗ ನನಗೂ ಇರುವ ಹಾಗೆ ಕಂಡಿತು. ಕೊನೆಗೆ ಬಿಳಿ ಚುಕ್ಕೆ ರೋಗ ಎಂಬುದೊಂದು ಸಿಕ್ಕಿತು. ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು, ಊಟ ಬಿಡುವುದು, ಚಡಪಡಿಸುವುದು. ಸಾಂಕ್ರಾಮಿಕ. ರೋಗಿಯನ್ನು ಬೇರೆ ಇಡಬೇಕು, ನೀರಿಗೆ ಉಪ್ಪು ಹಾಕಬೇಕು. ಚಿಕ್ಕವರನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಮಾತ್ರ ಅಲ್ಲಿ ವಿವರಣೆ ಇರಲಿಲ್ಲ. ಅದನ್ನು ಜ್ವರದ ಬಡಬಡಿಕೆ ಎಂದು ನಾನೇ ತೀರ್ಮಾನಿಸಿದೆ. ಹೆಂಡತಿ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತ, ಮೀನಿಗೆ ಜ್ವರ ಬಂದರೆ ಎಲ್ಲಿ ಮುಟ್ಟಿ ನೋಡುತ್ತೀರಿ ಎಂದು ಕೇಳಿದಳು. ಇಂಥ ಪ್ರಶ್ನೆಗಳಿಗೆ ವೈದ್ಯರು ಉತ್ತರ ಕೊಡಬೇಕಾಗಿಲ್ಲ.

ಒಂದು ಕೆಲಸವನ್ನು ಮಾತ್ರ ನಾನು ನಿಜವಾಗಿ ಬಲ್ಲೆ. ಬುಧವಾರ ಆಸ್ಪತ್ರೆಯಿಂದ ಒಂದು ಖಾಲಿ ಕಡತ ತಂದು ದೊಡ್ಡವರ ಹೆಸರಲ್ಲಿ ತೆರೆದೆ. ರೋಗಿಯ ಹೆಸರು, ದೊಡ್ಡವರು. ವಯಸ್ಸು, ಆರು. ಗಂಡೋ ಹೆಣ್ಣೋ ಎಂಬಲ್ಲಿ ಕೆಂಪು ಶಾಯಿಯ ಪ್ರಶ್ನೆ ಚಿಹ್ನೆ. ಆಹಾರ ಏನು, ಎಷ್ಟು ಹೊತ್ತಿಗೆ, ನೀರು ಯಾವಾಗ ಬದಲಾಯಿಸುತ್ತೀರಿ ಎಂದು ಒಂದೊಂದಾಗಿ ಕೇಳಿದೆ. ಟೀಚರಮ್ಮ ಪರೀಕ್ಷೆಗೆ ಕೂತವರ ಹಾಗೆ ಉತ್ತರ ಕೊಟ್ಟರು. ವಾರಕ್ಕೊಮ್ಮೆ ಆರು ಚೊಂಬು ನೀರು ತೆಗೆದು ಆರು ಚೊಂಬು ಹಾಕುವುದು. ಹಾಕುವ ನೀರನ್ನು ಒಂದು ದಿನ ಮುಂಚೆ ಪಾತ್ರೆಯಲ್ಲಿ ಹಿಡಿದಿಟ್ಟು ನಲ್ಲಿಯ ವಾಸನೆ ಹೋಗಲು ಬಿಡುವುದು. ಬೆಳಿಗ್ಗೆ ಒಂದು ಚಿಟಿಕೆ ಕಾಳು, ಸಂಜೆ ಬೇಯಿಸಿ ಸಿಪ್ಪೆ ಸುಲಿದ ಅರ್ಧ ಬಟಾಣಿ. ಗಂಡ ಮಾಡುತ್ತಿದ್ದುದನ್ನು ನೋಡಿ ನೋಡಿ ಕಲಿತದ್ದು, ಅವರಷ್ಟು ಚೊಕ್ಕವಾಗಿ ನನಗೆ ಬರುವುದಿಲ್ಲ, ನನ್ನ ಕೈಯಲ್ಲೇ ಏನೋ ತಪ್ಪಾಗಿರಬೇಕು ಎಂದರು. ಚುಕ್ಕೆ ಎಣಿಸಿದೆ. ಎಡಗೆನ್ನೆಗೆ ಹದಿನಾಲ್ಕು, ಬಲಗೆನ್ನೆಗೆ ಹನ್ನೆರಡು, ಮುಂದಿನ ರೆಕ್ಕೆಗಳ ಅಂಚಿಗೆ ಒಂದೊಂದು ಸಾಲು, ಬೇರೆಲ್ಲೂ ಇಲ್ಲ. ಎಲ್ಲವನ್ನೂ ಬರೆದುಕೊಂಡೆ. ಬರೆದದ್ದರ ಅರ್ಥ ಮಾತ್ರ ನನಗೆ ಗೊತ್ತಿರಲಿಲ್ಲ.

ದೊಡ್ಡವರನ್ನು ಬಕೆಟ್ಟಿಗೆ ಸ್ಥಳಾಂತರಿಸಿದೆವು. ಬಕೆಟ್ಟು ಬಚ್ಚಲುಮನೆಯಲ್ಲಿ. ಮೊದಲ ದಿನ ಹತ್ತು ನಿಮಿಷ ಒಂದು ಹಿಡಿ ಉಪ್ಪಿನ ನೀರು. ಗುರುವಾರ ಬೆಳಿಗ್ಗೆ ಎಣಿಸಿದರೆ ಕೆನ್ನೆಗಳ ಚುಕ್ಕೆ ಮೂವತ್ತೊಂದಾಗಿತ್ತು. ಉಪ್ಪು ಸಾಲದು ಎಂದು ಎರಡು ಹಿಡಿ ಮಾಡಿಸಿದೆ. ಚಿಕ್ಕವರು ಮೇಜಿನ ಮೇಲಿನ ತೊಟ್ಟಿಯಲ್ಲಿ ಒಂಟಿಯಾಗಿ ಗಾಜಿಗೆ ಮೂತಿಯಿಟ್ಟುಕೊಂಡು ನಿಂತುಬಿಟ್ಟಿದ್ದರು. ಇವರಿಗೂ ಅಂಟಿತು ಎಂದು ನಾನು ಇನ್ನೊಂದು ಕಡತ ತೆರೆದೆ.

ಇಲ್ಲಿಂದ ಮುಂದಿನದಕ್ಕೆಲ್ಲ ಕಾರಣ ಮೆಟ್ಟಿಲು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಟೀಚರಮ್ಮ ಮೇಲಿನಿಂದ ಬಗ್ಗಿ ವರದಿ ಕೊಡುತ್ತಿದ್ದರು, ನಾನು ಕೆಳಗಿನಿಂದ ಕತ್ತೆತ್ತಿ ಸೂಚನೆ ಕೊಡುತ್ತಿದ್ದೆ. ಇಬ್ಬರ ನಡುವೆ ಮೊದಲನೇ ಮಹಡಿಯಲ್ಲಿ ಸಂಘದ ಕಾರ್ಯದರ್ಶಿಯ ಬಾಗಿಲು. ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಆದರೆ ಗೋಡೆಗೆ ನೋಟಿಸು ಅಂಟಿಸದ ದಿನ ಅವರಿಗೆ ನಿದ್ದೆ ಬರುವುದಿಲ್ಲ. ಶುಕ್ರವಾರ ಅವರು ಬಾಗಿಲ ಹಿಂದೆ ಶೂ ಹಾಕಿಕೊಳ್ಳುತ್ತಿದ್ದಾಗ ಅವರ ಕಿವಿಗೆ ಬಿದ್ದದ್ದು ಇಷ್ಟು.

“ದೊಡ್ಡವರು ಹೇಗಿದಾರೆ?”

“ಬಚ್ಚಲಲ್ಲೇ ಇದಾರೆ ಡಾಕ್ಟ್ರೆ. ಸುಮ್ನೆ ಬಾಯಿ ತೆಗೀತಾರೆ, ಮುಚ್ತಾರೆ. ಊಟ ಪೂರ್ತಿ ಬಿಟ್ಟಿದಾರೆ.”

“ಇವತ್ತು ಮೂರು ಹಿಡಿ ಉಪ್ಪು ಹಾಕಿ, ಹದಿನೈದು ನಿಮಿಷ ಮುಳುಗಿಸಿಡಿ.”

“ತಲೆ ಸಮೇತನಾ?”

“ತಲೆ ಸಮೇತ. ಚಿಕ್ಕವರನ್ನ ಮಾತ್ರ ಹತ್ತಿರ ಬಿಡಬೇಡಿ, ಇದು ಅಂಟುರೋಗ.”

ಕಾರ್ಯದರ್ಶಿ ಒಂದೇ ಕಾಲಿನ ಶೂನಲ್ಲಿ ಅಲ್ಲೇ ಕುಸಿದು ಕೂತರಂತೆ. ಆಮೇಲೆ ನೇರವಾಗಿ ದರ್ಜಿಯ ಬಳಿಗೆ ಹೋದರು. ದರ್ಜಿ ಯೋಚಿಸಿ ನೋಡಿ, ಟೀಚರಮ್ಮ ಈ ವಾರ ಮೂರು ಪೊಟ್ಟಣ ಉಪ್ಪು ತಂದದ್ದು ನಿಜ, ಒಬ್ಬಂಟಿ ಹೆಂಗಸಿಗೆ ಅಷ್ಟು ಉಪ್ಪು ಯಾಕೆ ಎಂದು ತನಗೂ ಅನುಮಾನ ಬಂದಿತ್ತು ಎಂದ. ಇಬ್ಬರೂ ಸೇರಿ ನನ್ನ ಹೆಂಡತಿಯ ಬಳಿ ಬಂದು, ಸುತ್ತಿ ಬಳಸಿ, ಟೀಚರಮ್ಮನ ಮನೆಯ ದೊಡ್ಡವರು ಹೇಗೆ ಎಂದು ವಿಚಾರಿಸಿದರು. ಮೀನಿನ ಸುದ್ದಿ ಇವರಿಗೂ ಗೊತ್ತಿದೆ ಎಂದುಕೊಂಡ ನನ್ನ ಹೆಂಡತಿ ಮರುಗಿ ಹೇಳಿದಳು.

“ಪಾಪ, ಬಂಗಾರದಂಥವರು. ಆರು ವರ್ಷದಿಂದ ಆ ಮನೇಲಿದಾರೆ, ಒಂದಿನ ಒಬ್ಬರಿಗೆ ಒಂದು ಮಾತಾಡಿದವರಲ್ಲ. ಎಲ್ಲಾ ನಮ್ಮನೆಯವರ ಕೈಲಿದೆ ಈಗ. ಅದೇ ನನಗೆ ಭಯ.”

ಆರು ವರ್ಷದಿಂದ ಒಬ್ಬ ಹಿರಿಯರನ್ನು ಹೊರಗೆ ಬಿಡದೆ ಇಟ್ಟುಕೊಂಡಿದ್ದಾರೆ, ಈಗ ಅವರಿಗೆ ಅಂಟುರೋಗ, ಡಾಕ್ಟ್ರು ಅವರನ್ನು ತಲೆ ಸಮೇತ ಉಪ್ಪುನೀರಿನಲ್ಲಿ ಮುಳುಗಿಸುತ್ತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಕಟ್ಟಡದಲ್ಲಿ ಇದಿಷ್ಟು ಎಲ್ಲರಿಗೂ ತಿಳಿದಿತ್ತು. ಯಾರೋ ಒಬ್ಬರಿಗೆ ಬಚ್ಚಲಿನಿಂದ ನರಳುವ ಸದ್ದೂ ಕೇಳಿಸಿತ್ತು. ಸಂಜೆ ಗೋಡೆಯ ಮೇಲೆ, ಮುಂದಿನ ಸೂಚನೆಯವರೆಗೆ ಎರಡನೇ ಮಹಡಿಯ ಕಂಬಿ ಮುಟ್ಟಬಾರದು ಎಂದು ನೋಟಿಸು ಬಂತು. ಬಣ್ಣ ಹೊಡೆಸುತ್ತಿರಬೇಕು ಎಂದುಕೊಂಡು ನಾನೂ ಮುಟ್ಟದೆ ಹತ್ತಿದೆ.

ಶನಿವಾರ ನಮಗೆ ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದಾಗ ಕಟ್ಟಡದ ಮುಂದೆ ನಗರಸಭೆಯ ಜೀಪು ನಿಂತಿತ್ತು. ಎರಡನೇ ಮಹಡಿಯಲ್ಲಿ ಆರೋಗ್ಯ ನಿರೀಕ್ಷಕರು ಮೂಗು ಬಾಯಿ ಮುಚ್ಚುವ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಅವರ ಹಿಂದೆ ಕಾರ್ಯದರ್ಶಿ, ಕಾರ್ಯದರ್ಶಿಯ ಹಿಂದೆ ದರ್ಜಿ, ದರ್ಜಿಯ ಹಿಂದೆ ಮೆಟ್ಟಿಲು ಹಿಡಿಸುವಷ್ಟು ಜನ, ಎಲ್ಲರ ಮೂಗಿಗೂ ಕರವಸ್ತ್ರ. ಟೀಚರಮ್ಮ ಬಾಗಿಲಲ್ಲಿ ನಿಂತು, ದೊಡ್ಡವರಿಗೆ ತೊಂದರೆ ಕೊಡಬೇಡಿ, ಈಗ ತಾನೇ ಒಂದು ಮಗ್ಗುಲಾಗಿದ್ದಾರೆ ಎಂದು ಕೈ ಮುಗಿಯುತ್ತಿದ್ದರು.

ಚಿಕಿತ್ಸೆ ಕೊಡುತ್ತಿರುವವರು ನೀವೇನಾ ಎಂದು ನಿರೀಕ್ಷಕರು ಕೇಳಿದರು. ಹೌದೆಂದೆ. ದಾಖಲೆ ಇದೆಯಾ ಎಂದರು. ಈ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಇಷ್ಟು ಗೌರವದಿಂದ ಕೇಳಿರಲಿಲ್ಲ. ಹೆಮ್ಮೆಯಿಂದ ಕಡತ ತೆಗೆದು ಕೊಟ್ಟೆ. ಅವರು ನಿಂತಲ್ಲೇ ಗಟ್ಟಿಯಾಗಿ ಓದತೊಡಗಿದರು. ವಯಸ್ಸು ಆರು ಎನ್ನುವಲ್ಲಿ ಹುಬ್ಬು ಗಂಟಿಕ್ಕಿ, ಅರವತ್ತು ಎಂದಿರಬೇಕು, ಸೊನ್ನೆ ಬಿಟ್ಟಿದ್ದೀರಿ ಎಂದರು. ಗಂಡೋ ಹೆಣ್ಣೋ ಎನ್ನುವಲ್ಲಿ ನಿಂತು, ಇಷ್ಟು ದಿನದಲ್ಲಿ ಇದೂ ಗೊತ್ತಾಗಲಿಲ್ಲವೇ ಎಂದು ನನ್ನನ್ನು ನೋಡಿದರು. ಊಟ ಅರ್ಧ ಬಟಾಣಿ ಎಂದು ಓದಿದಾಗ ಹಿಂದಿದ್ದ ಜನ ‘ಅಯ್ಯೋ’ ಎಂದರು. ಆಮೇಲೆ ನಿರೀಕ್ಷಕರು ಒಂದು ಸಾಲನ್ನು ಮನಸ್ಸಿನಲ್ಲಿ ಓದಿಕೊಂಡು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೆ ಓದಿದರು.

“ಬಾಲ ಚೆನ್ನಾಗಿದೆ, ಅಂತ ಬರ್ದಿದೀರಲ್ಲ. ಯಾರ ಬಾಲ?”

ಮೆಟ್ಟಿಲ ಮೇಲಿದ್ದವರೆಲ್ಲ ಕತ್ತು ಮುಂದೆ ಚಾಚಿದರು. ಟೀಚರಮ್ಮನಿಗೆ ಈ ಜನರೆಲ್ಲ ಯಾಕೆ ಬಂದಿದ್ದಾರೆಂದೇ ಅರ್ಥವಾಗಿರಲಿಲ್ಲ. ಅವರು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಿರೀಕ್ಷಕರು ಬಚ್ಚಲಿನ ಬಾಗಿಲು ತಳ್ಳಿ, ಬಗ್ಗಿ, ಬಕೆಟ್ಟಿನೊಳಗೆ ನೋಡಿದರು. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಕ್ಕೆ ಎಳೆದುಕೊಂಡರು.

“ಇವರಾ ದೊಡ್ಡವರು?” ಎಂದರು. ಅವರಿಗೆ ಗೊತ್ತಿಲ್ಲದೆಯೇ ಬಹುವಚನ ಬಂದಿತ್ತು.

ನಗು ಬರಬೇಕಾದ ಜಾಗ ಅದು. ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದದ್ದೂ ನಿಜ. ಆದರೆ ಬಕೆಟ್ಟಿನಲ್ಲಿ ದೊಡ್ಡವರು ನಿಜವಾಗಿಯೂ ಒಂದು ಮಗ್ಗುಲಾಗಿ ತಳದಲ್ಲಿ ಬಿದ್ದಿದ್ದರು. ಕಿವಿರು ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು, ಅಷ್ಟೇ. ಬೆಳಿಗ್ಗೆ ನಾನು ನಾಲ್ಕು ಹಿಡಿ ಹಾಕಿ, ನಾನು ಬರುವವರೆಗೆ ಹಾಗೇ ಇರಲಿ ಎಂದು ಹೇಳಿ ಹೋಗಿದ್ದೆ. ಟೀಚರಮ್ಮ ಬಕೆಟ್ಟಿನ ಪಕ್ಕ ನೆಲಕ್ಕೆ ಕೂತು, ನೀರಿಗೆ ಒಂದು ಬೆರಳು ಅದ್ದಿ, ಏಳಿ, ಸ್ವಲ್ಪ ಏಳಿ ಎನ್ನುತ್ತಿದ್ದರು.

ಒಬ್ಬರ ಜೀವ ನನ್ನ ಕೈಯಲ್ಲಿದೆ ಎಂಬುದು ನನಗೆ ಮೊದಲ ಸಲ ಅರಿವಾಯಿತು. ಜೀವ ಚಿಕ್ಕದಿರಬಹುದು, ಆದರೆ ಅದು ಹೋದರೆ ಅದರ ಜೊತೆ ಟೀಚರಮ್ಮನದು ಇನ್ನೂ ಏನೋ ಹೋಗುತ್ತದೆ. ಕೈಯಿರುವ ಕುರ್ಚಿಯನ್ನು ಉಳಿಸಿಕೊಂಡು ಏನು ಮಾಡಲಿ ಎನ್ನಿಸಿತು. ಅಷ್ಟು ಜನರ ಎದುರಿಗೇ ಹೇಳಿದೆ.

“ನಾನು ಡಾಕ್ಟರಲ್ಲ. ಆಸ್ಪತ್ರೇಲಿ ಕಡತ ಜೋಡಿಸ್ತೀನಿ. ಕೋಟು ಧೂಳಿಗೆ ಕೊಟ್ಟಿದ್ದು.”

ದರ್ಜಿ ಕಾರ್ಯದರ್ಶಿಯನ್ನು ನೋಡಿದ, ಕಾರ್ಯದರ್ಶಿ ಗೋಡೆಯನ್ನು ನೋಡಿದರು. ಮೊಣಕಾಲು ನೋವಿಗೆ ಒಂಬತ್ತು ವರ್ಷ ನೀರು ಕುಡಿದವರೊಬ್ಬರು ‘ಹಾಗಾದ್ರೆ’ ಎಂದು ಏನೋ ಶುರು ಮಾಡಿ ಬಿಟ್ಟುಬಿಟ್ಟರು. ನನ್ನ ಹೆಂಡತಿ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಪಕ್ಕ ನಿಂತಳು. ಬೈಯಲಿಲ್ಲ. ಟೀಚರಮ್ಮ ಮಾತ್ರ ನನ್ನ ಮಾತಿನಲ್ಲಿ ತಮಗೆ ಬೇಕಾದ ಒಂದನ್ನಷ್ಟೇ ಕೇಳಿಸಿಕೊಂಡಿದ್ದರು.

“ಹಾಗಾದ್ರೆ ಇವರನ್ನ ಯಾರು ನೋಡ್ತಾರೆ ಈಗ?” ಎಂದರು.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದಿದೆ, ಅವನಿಗೆ ಗೊತ್ತಿರಬಹುದು ಎಂದವರು ಆರೋಗ್ಯ ನಿರೀಕ್ಷಕರು. ನಗರಸಭೆಯ ಜೀಪನ್ನು ಮೀನಿಗೆ ಬಳಸಬಹುದೇ ಎಂಬ ಪ್ರಶ್ನೆಯನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕಾರ್ಯದರ್ಶಿ ಬಕೆಟ್ಟನ್ನು ತಾವೇ ಎತ್ತಿಕೊಂಡು, ದಾರಿ ಬಿಡಿ, ಪೇಷೆಂಟು ಬರುತ್ತಿದ್ದಾರೆ ಎನ್ನುತ್ತ ಮೆಟ್ಟಿಲಿಳಿದರು. ಅವರೇ ನಿಷೇಧಿಸಿದ್ದ ಕಂಬಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಜೀಪಿನಲ್ಲಿ ಬಕೆಟ್ಟು ಅವರ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ಉಪ್ಪುನೀರು ಅವರ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು. ಮೆಲ್ಲಗೆ, ಮೆಲ್ಲಗೆ ಎಂದು ಡ್ರೈವರಿಗೆ ಹೇಳುತ್ತಿದ್ದರೇ ಹೊರತು ಬಕೆಟ್ಟು ಕೆಳಗಿಡಲಿಲ್ಲ.

ಮೀನಂಗಡಿಯವನು ಮೊಣಕೈವರೆಗೆ ಒದ್ದೆಯಾಗಿದ್ದ, ಮಾತು ಕಡಿಮೆಯ ಮನುಷ್ಯ. ಜೀಪು ನೋಡಿ ಲೈಸೆನ್ಸಿನ ಚೌಕಟ್ಟಿನ ಕಡೆ ಕೈ ತೋರಿಸಿದ. ವಿಷಯ ತಿಳಿದ ಮೇಲೆ ಬಕೆಟ್ಟಿನ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, ಥೂ ಎಂದು ಉಗಿದು, ಇದಕ್ಕೆ ಉಪ್ಪು ಸುರಿದ ಪುಣ್ಯಾತ್ಮ ಯಾರು ಎಂದು ಕೇಳಿದ. ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು, ಅಷ್ಟೇ.

ಅವನು ದೊಡ್ಡವರನ್ನು ಅಂಗೈಯಲ್ಲಿ ಎತ್ತಿ ತಿಳಿನೀರಿನ ತೊಟ್ಟಿಗೆ ಬಿಟ್ಟು, ಗಾಳಿಯ ನಳಿಗೆ ಇಟ್ಟ. ಒಂದು ಗಂಟೆ ಕಳೆಯಲಿ, ಅಲ್ಲಿಯವರೆಗೆ ನಾನೇನೂ ಹೇಳುವುದಿಲ್ಲ ಎಂದ. ನಾವು ಕೂತೆವು. ನಿರೀಕ್ಷಕರಿಗೆ ಸ್ಟೂಲು ಸಿಕ್ಕಿತು, ಕಾರ್ಯದರ್ಶಿ ಒದ್ದೆ ಪ್ಯಾಂಟಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ, ನಾನು, ಹೆಂಡತಿ ಹೊಸ್ತಿಲ ಮೇಲೆ. ಟೀಚರಮ್ಮ ಕೂರಲಿಲ್ಲ. ತೊಟ್ಟಿಯ ಮುಂದೆ ಎರಡೂ ಕೈ ಕಟ್ಟಿಕೊಂಡು ನಿಂತೇ ಇದ್ದರು. ನನಗೆ ದೇವರಲ್ಲಿ ಕೇಳಿಕೊಳ್ಳಲೂ ನಾಚಿಕೆಯಾಯಿತು. ನಾಲ್ಕು ಹಿಡಿ ಉಪ್ಪು ಹಾಕಿದವನು ಯಾವ ಮುಖ ಹೊತ್ತು ಕೇಳಬೇಕು?

ಕಾಯುತ್ತಿದ್ದಾಗ ಅಂಗಡಿಯವನು, ನಿರೀಕ್ಷಕರು ಹಿಂದಿರುಗಿಸಿ ಈಗ ನನ್ನ ಕೈಯಲ್ಲಿದ್ದ ಕಡತ ನೋಡಿ ಅದೇನು ಎಂದ. ಕೊಟ್ಟೆ. ಮೊದಲು ಬೇಸರದಿಂದ ತಿರುವಿದ, ಆಮೇಲೆ ನಿಧಾನವಾಗಿ ಓದಿದ. ಚುಕ್ಕೆ ಕೆನ್ನೆ ಮೇಲೆ, ಮುಂದಿನ ರೆಕ್ಕೆ ಮೇಲೆ ಮಾತ್ರವಾ, ಮೈಮೇಲೆ ಬಾಲದ ಮೇಲೆ ಒಂದೂ ಇರಲಿಲ್ಲವಾ ಎಂದು ಎರಡು ಸಲ ಕೇಳಿದ. ಒಂದೂ ಇಲ್ಲ, ಖಾಲಿ ಬಿಟ್ಟದ್ದಲ್ಲ, ನೋಡಿಯೇ ಬರೆದದ್ದು ಎಂದೆ. ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತಾ ಎಂದ. ಹೌದು, ಜ್ವರದ ಬಡಬಡಿಕೆ ಎಂದೆ. ಅವನು ಕಡತ ಮುಚ್ಚಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ.

“ಬರೆಯೋದು ಬಹಳ ಚೆನ್ನಾಗಿ ಬರ್ದಿದೀಯಪ್ಪ. ಇದು ರೋಗ ಅಲ್ಲ. ಗಂಡು ಮೀನು ಇದು, ಜೋಡಿ ಹುಡುಕುವಾಗ ಕೆನ್ನೆ ಮೇಲೆ ಈ ಚುಕ್ಕೆ ಏಳ್ತವೆ. ಆಗ ಊಟ ತಿಂಡಿ ಯಾವುದರ ಮೇಲೂ ಗಮನ ಇರಲ್ಲ. ಪಾಪ, ಅದು ಮದುವೆ ಸಡಗರದಲ್ಲಿತ್ತು, ನೀನು ಹಿಡ್ಕೊಂಡು ಹೋಗಿ ಬಚ್ಚಲಲ್ಲಿ ಉಪ್ಪಿನಕಾಯಿ ಹಾಕಿದೀಯ.”

ನಿರೀಕ್ಷಕರು ಈಗ ನಕ್ಕರು. ಕಾರ್ಯದರ್ಶಿಯೂ ನಕ್ಕರು. ನನ್ನ ಹೆಂಡತಿ ನಗುತ್ತ ನನ್ನ ಭುಜಕ್ಕೆ ಹಣೆ ಒತ್ತಿದಳು. ಟೀಚರಮ್ಮ ಮಾತ್ರ ಕಣ್ಣು ಕದಲಿಸಲಿಲ್ಲ. ಅಷ್ಟರಲ್ಲೇ ತೊಟ್ಟಿಯ ತಳದಲ್ಲಿ ದೊಡ್ಡವರು ಒಮ್ಮೆ ಬಾಲ ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಮೆಲ್ಲಗೆ ಓಲಾಡುತ್ತ ನೆಟ್ಟಗಾಗಿ, ಸ್ವಲ್ಪ ಮೇಲೆ ಬಂದು, ಗಾಜಿನ ಈಚೆ ಇದ್ದ ಟೀಚರಮ್ಮನ ಮುಖದ ಎದುರು ನಿಂತರು. ಅಂಗಡಿಯವನು ಬಂದು ನೋಡಿ, ಬದುಕಿಕೊಂಡಿತು, ನಾಳೆ ಜೋಡಿಯ ಜೊತೆ ಬಿಡಿ ಎಂದ. ನಾನು ಹೊಸ್ತಿಲ ಮೇಲೆ ಕೂತಲ್ಲೇ ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಗಟ್ಟಿಯಾಗಿಯೇ ಅತ್ತೆ.

ಎಲ್ಲರೂ ಏಳುತ್ತಿದ್ದರು. ಟೀಚರಮ್ಮ ಅಂಗಡಿಯವನ ಕಡೆ ತಿರುಗಿ, ತುಂಬ ಸಣ್ಣ ದನಿಯಲ್ಲಿ ಕೇಳಿದರು.

“ಅಂದ್ರೆ, ನಾನು ಸರಿಯಾಗಿ ನೋಡ್ಕೊಳ್ಳದೇ ಇದ್ದಿದ್ದಕ್ಕೆ ಬಂದಿದ್ದಲ್ಲ?”

“ಎಲ್ಲಾದ್ರೂ ಉಂಟಾಮ್ಮ? ಸರಿಯಾಗಿ ನೋಡ್ಕೊಂಡಿದ್ದಕ್ಕೇ ಬಂದಿರೋದು. ನೀರು ಸರಿ ಇರ್ಬೇಕು, ಊಟ ಸರಿ ಇರ್ಬೇಕು, ಮೀನಿಗೆ ನೆಮ್ಮದಿ ಇರ್ಬೇಕು. ಇದರಲ್ಲಿ ಬರ್ದಿದೆಯಲ್ಲ, ನೀವು ಮಾಡಿರೋದೆಲ್ಲ. ನನ್ನ ಅಂಗಡೀಲಿ ಇಷ್ಟು ಮೀನಿದೆ, ಒಂದಕ್ಕೂ ಈ ವರ್ಷ ಈ ಚುಕ್ಕೆ ಎದ್ದಿಲ್ಲ.”

ಟೀಚರಮ್ಮ ಅವನ ಕಡೆ ಒಂದು ಹೆಜ್ಜೆ ಮುಂದೆ ಬಂದರು. ಮೂವತ್ತನಾಲ್ಕು ವರ್ಷ ಬೇರೆಯವರಿಗೆ ಪಾಠ ಒಪ್ಪಿಸಲು ಹೇಳಿದವರು, ಈಗ ತಾವೇ ಕೈಕಟ್ಟಿ ನಿಂತು ಕೇಳಿದರು.

“ಇನ್ನೊಂದ್ಸಲ ಹೇಳ್ತೀರಾ?”

ಹೇಳಿದೆನಲ್ಲಮ್ಮ ಎಂದು ಅವನು ಏನೋ ಅನ್ನಲು ಹೊರಟ. ನಿರೀಕ್ಷಕರು ಅವನ ಮೊಣಕೈ ಮುಟ್ಟಿದರು. ಅವನು ಟೀಚರಮ್ಮನ ಮುಖ ನೋಡಿದ. ಕೈಯಲ್ಲಿದ್ದ ಮೀನಿನ ಬಲೆಯನ್ನು ಪಕ್ಕಕ್ಕಿಟ್ಟು, ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹೇಳಿದ, ಈ ಸಲ ನಿಧಾನವಾಗಿ, ಒಂದು ಮಾತೂ ಬಿಡದೆ. ನೀವು ಚೆನ್ನಾಗಿ ನೋಡ್ಕೊಂಡಿದೀರಮ್ಮ ಎಂದ. ನಾವೆಲ್ಲ ಎದ್ದವರು ಮತ್ತೆ ಕೂತು ಕೇಳಿದೆವು.